ಸಲಹಾ ಸಮಿತಿಯ ಬಾಗಿಲು ತೆರೆಯಲಿ

ಕಳೆದ ಮಳೆಗಾಲದಲ್ಲಿ ನನ್ನ ಪರಿಚಯದವರೊಬ್ಬರ ಹಿತ್ತಿಲಿಗೆ ಮೂರು ಸಲ ನೀರು ನುಗ್ಗಿತು. ಅವರ ಮನೆ ಇರುವುದು ರಾಜ್ಯದ ಒಂದು ವಿಮಾನ ನಿಲ್ದಾಣದ ಕಾಂಪೌಂಡಿಗೆ ತಾಗಿದ ಊರಿನಲ್ಲಿ. ರನ್‌ವೇ ಕಡೆಯಿಂದ ಇಳಿದು ಬರುವ ನೀರು ಮೊದಲೆಲ್ಲ ಸಲೀಸಾಗಿ ಹಳ್ಳ ಸೇರುತ್ತಿತ್ತು. ಕಾಂಪೌಂಡು ಎದ್ದ ಮೇಲೆ ಹಳ್ಳದ ಬಾಯಿಗೆ ಎರಡಡಿ ಅಗಲದ ಪೈಪು ಬಂತು. ಕಸಕಡ್ಡಿ ಸಿಕ್ಕಿಕೊಂಡು ಅದು ಮೊದಲ ದೊಡ್ಡ ಮಳೆಗೇ ಕಟ್ಟಿಕೊಳ್ಳುತ್ತದೆ. ಅವರು ಪಂಚಾಯಿತಿಗೆ ಅರ್ಜಿ ಕೊಟ್ಟರು. ‘ಅದು ಏರ್‌ಪೋರ್ಟಿನವರ ಜಾಗ, ನಮ್ಮದಲ್ಲ’ ಎಂಬ ಉತ್ತರ ಬಂತು. ಏರ್‌ಪೋರ್ಟಿಗೆ ಹೋದರೆ ಗೇಟಿನಲ್ಲೇ ಅರ್ಜಿ ಇಸಿದುಕೊಂಡು ಕಳಿಸಿದರು. ಕೆಲವು ವಾರಗಳ ಬಳಿಕ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ನಿಲ್ದಾಣದ ಸಲಹಾ ಸಮಿತಿ ಸಭೆ ಸೇರಿತ್ತಂತೆ. ಹೊಸ ಮಾರ್ಗ, ಪಾರ್ಕಿಂಗ್ ಶುಲ್ಕಗಳ ಜೊತೆಗೆ ಮಳೆನೀರಿನ ಬಗ್ಗೆಯೂ ಚರ್ಚೆ ಆಯಿತಂತೆ.

ಏನು ಚರ್ಚೆ ಆಯಿತೆಂದು ತಿಳಿಯಲು ನಾನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸಭೆಯ ನಡಾವಳಿ ಕೇಳಿದೆ. ಬಂದದ್ದು ಎರಡು ಹಾಳೆ, ಇಂಗ್ಲಿಷಿನಲ್ಲಿ. ಮಳೆನೀರಿಗೆ ಸಂಬಂಧಿಸಿ ಅದರಲ್ಲಿದ್ದದ್ದು ಒಂದೇ ಸಾಲು: ವಿಷಯ ಪ್ರಸ್ತಾಪವಾಯಿತು, ಸಂಬಂಧಪಟ್ಟವರು ಗಮನಿಸುವುದು. ಆ ಸಂಬಂಧಪಟ್ಟವರು ಯಾರು, ಗಮನಿಸಬೇಕಾದದ್ದು ಏನನ್ನು, ಎಷ್ಟು ದಿನದೊಳಗೆ ಎಂಬುದು ಎರಡೂ ಹಾಳೆಗಳಲ್ಲಿ ಎಲ್ಲಿಯೂ ಇಲ್ಲ. ಪೈಪಿನ ಮಾತಂತೂ ಇಲ್ಲವೇ ಇಲ್ಲ. ಓದಿ ಹೇಳಿದಾಗ ಆ ಪರಿಚಯದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ನಂಗೆ ಕುರ್ಚಿ ಕೊಡೋದು ಬೇಡ, ಬಾಗಿಲ ಹತ್ರ ನಿಲ್ಲೋಕೆ ಬಿಟ್ಟಿದ್ರೂ ಸಾಕಿತ್ತು. ಪೈಪು ಎಲ್ಲಿ ಕಟ್ಕೊಳ್ಳುತ್ತೆ ಅಂತ ಅಲ್ಲೇ ಹೇಳ್ತಿದ್ದೆ’ ಎಂದರು.

ಅವರ ಈ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಿಗೆ ಸಲಹಾ ಸಮಿತಿಗಳಿವೆ. ಸ್ಥಳೀಯ ಸಂಸದರು ಅಧ್ಯಕ್ಷರು, ನಿಲ್ದಾಣದ ನಿರ್ದೇಶಕರು ಸಂಚಾಲಕರು. ಜಿಲ್ಲಾಡಳಿತ, ಪೊಲೀಸ್ ಇಲಾಖೆ, ವಾಣಿಜ್ಯ ಸಂಸ್ಥೆಗಳು, ವಿಮಾನಯಾನ ಕಂಪನಿಗಳ ಪ್ರತಿನಿಧಿಗಳು ಸೇರುತ್ತಾರೆ. ಪ್ರಯಾಣಿಕರ ಸೌಲಭ್ಯ, ಟ್ಯಾಕ್ಸಿ, ಬಸ್ಸು, ಕನ್ನಡ ಫಲಕ, ಹೊಸ ಮಾರ್ಗದ ಬೇಡಿಕೆ, ಜಾಗದ ತಕರಾರು ಎಲ್ಲವೂ ಅಲ್ಲಿಗೆ ಬರುತ್ತವೆ. ಊರವರು ಮಾತ್ರ ಬರುವಂತಿಲ್ಲ. ಮರುದಿನ ಹೂಗುಚ್ಛ ಹಿಡಿದ ಫೋಟೊ ಪತ್ರಿಕೆಗೆ ಬರುತ್ತದೆ.

ಸಮಿತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ, ನಿರ್ಧಾರ ಮಾಡುವ ಅಧಿಕಾರವಿಲ್ಲ, ಹಾಗಿರುವಾಗ ಬಾಗಿಲು ತೆರೆದಿಟ್ಟು ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ನನಗೆ ಈ ತರ್ಕ ತಲೆಕೆಳಗಾಗಿ ಕಾಣುತ್ತದೆ. ನಗರಸಭೆ ಮುಚ್ಚಿದ ಬಾಗಿಲಿನೊಳಗೆ ನಿರ್ಣಯ ಮಾಡಿದರೂ ಆ ನಿರ್ಣಯ ನಾಳೆ ಬೀದಿಯಲ್ಲಿ ಕಾಣುತ್ತದೆ. ಗುಂಡಿ ಮುಚ್ಚಿದ್ದರೆ ಮುಚ್ಚಿದೆ, ಇಲ್ಲದಿದ್ದರೆ ಇಲ್ಲ. ಸಲಹಾ ಸಮಿತಿಗೆ ಹಾಗೆ ತೋರಿಸಲು ಏನೂ ಇಲ್ಲ. ಆದೇಶ ಹೊರಡಿಸುವಂತಿಲ್ಲ, ಬಿಲ್ಲಿಗೆ ಸಹಿ ಹಾಕುವಂತಿಲ್ಲ. ಅದಕ್ಕಿರುವ ಬಲ ಮಾತಿನದ್ದು ಮಾತ್ರ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ. ಯಾರೂ ಕೇಳಿಸಿಕೊಳ್ಳದ ಸಲಹೆಯನ್ನು ಮುಂದಿನ ಸಭೆಯ ಹೊತ್ತಿಗೆ ಸಮಿತಿಯವರೇ ಮರೆತಿರುತ್ತಾರೆ. ಅಧಿಕಾರ ಕಡಿಮೆಯಿದ್ದಷ್ಟೂ ಬಾಗಿಲು ಹೆಚ್ಚು ತೆರೆದಿರಬೇಕು.

ಅಮೆರಿಕದ ಫ್ಲಾರಿಡಾದಲ್ಲಿ ಇದೇ ಪ್ರಶ್ನೆ 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪಾಮ್ ಬೀಚ್ ಪಟ್ಟಣದ ಆಡಳಿತ ವಲಯ ಯೋಜನೆಗೆ ಸಲಹೆ ಕೊಡಲು ನಾಗರಿಕರ ಸಮಿತಿಯೊಂದನ್ನು ಮಾಡಿತ್ತು. ಸಮಿತಿ ಒಳಗೊಳಗೇ ಸಭೆ ನಡೆಸಿತು. ನಿರ್ಧಾರಕ್ಕೆ ದಾರಿ ಸಿದ್ಧವಾಗುವುದೇ ಇಂಥ ಕಡೆ, ಆದ್ದರಿಂದ ಬಹಿರಂಗ ಸಭೆಯ ಕಾಯ್ದೆ ಸಲಹಾ ಸಮಿತಿಗೂ ಅನ್ವಯಿಸುತ್ತದೆ ಎಂದು ನ್ಯಾಯಾಲಯ ಹೇಳಿ, ಆ ವಲಯ ನಿಯಮವನ್ನೇ ಅಸಿಂಧು ಮಾಡಿತು. ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಹಳೆಯದು. 1952ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕ್ ಹ್ಯಾರಿಸ್ ಸ್ಥಳೀಯ ಸಂಸ್ಥೆಗಳ ಗುಟ್ಟಿನ ಸಭೆಗಳ ಬಗ್ಗೆ ಹತ್ತು ಕಂತುಗಳ ಸರಣಿ ಬರೆದರು. ಮರುವರ್ಷವೇ ಶಾಸಕ ರಾಲ್ಫ್ ಬ್ರೌನ್ ಹೆಸರಿನಲ್ಲಿ ಕಾಯ್ದೆ ಬಂತು.

ಬ್ರೌನ್ ಕಾಯ್ದೆಯ ವಿವರಗಳನ್ನು ನಮ್ಮ ಅಧಿಕಾರಿಗಳು ಒಮ್ಮೆ ಓದಬೇಕು. ಸಾಮಾನ್ಯ ಸಭೆಗೆ ಕನಿಷ್ಠ 72 ಗಂಟೆ ಮೊದಲು ಕಾರ್ಯಸೂಚಿಯನ್ನು ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿ ಅಂಟಿಸಬೇಕು. ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ, ಕೆಲವೇ ತುರ್ತು ಸಂದರ್ಭಗಳನ್ನು ಬಿಟ್ಟರೆ, ತೀರ್ಮಾನ ಮಾಡುವಂತಿಲ್ಲ. ಸಭೆಗೆ ಬಂದವರಿಗೆ ಮಾತಾಡಲು ಅವಕಾಶ ಕೊಡಬೇಕು. ಹೆಸರು ಬರೆದರಷ್ಟೇ ಒಳಗೆ ಬಿಡುತ್ತೇವೆ ಎಂದು ಷರತ್ತು ಹಾಕುವಂತಿಲ್ಲ. ಬಹುಮತದಷ್ಟು ಸದಸ್ಯರು ಒಬ್ಬರಿಗೊಬ್ಬರು ಫೋನು ಮಾಡಿ, ಸಂದೇಶ ಕಳಿಸಿ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಂಡು, ಸಭೆಗೆ ಬರೀ ತಲೆಯಾಡಿಸಲು ಬಂದರೆ ಅದೂ ಉಲ್ಲಂಘನೆಯೇ. ವಾಟ್ಸ್‌ಆ್ಯಪ್ ಗುಂಪಿನಲ್ಲೇ ಅರ್ಧ ಆಡಳಿತ ನಡೆಯುವ ನಮ್ಮಲ್ಲಿ ಈ ಕೊನೆಯ ನಿಯಮ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ರಾಜ್ಯದ ಸಾಂಟಾ ಮೋನಿಕಾ ನಗರದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಆಯೋಗವಿದೆ, ಅದೂ ನಗರ ಪರಿಷತ್ತಿಗೆ ಸಲಹೆ ಕೊಡುವಂಥದ್ದು. ರನ್‌ವೇಯ ಎರಡೂ ತುದಿಗಳಲ್ಲಿ ಮನೆಗಳಿವೆ. ಶಬ್ದ, ಹೊಗೆ, ಅಪಘಾತದ ಭಯ ಎಲ್ಲವನ್ನೂ ನೆರೆಹೊರೆಯವರು ವರ್ಷಗಟ್ಟಲೆ ಎತ್ತುತ್ತಲೇ ಬಂದರು. ಕೊನೆಗೆ 2017ರಲ್ಲಿ ನಗರಕ್ಕೂ ಫೆಡರಲ್ ವಿಮಾನಯಾನ ಆಡಳಿತಕ್ಕೂ ಒಪ್ಪಂದವಾಗಿ ರನ್‌ವೇ ಸುಮಾರು 5,000 ಅಡಿಯಿಂದ 3,500 ಅಡಿಗೆ ಇಳಿಯಿತು. 2028ರ ಕೊನೆಯ ನಂತರ ನಿಲ್ದಾಣವನ್ನೇ ಮುಚ್ಚುವ ಹಕ್ಕು ನಗರಕ್ಕೆ ಸಿಕ್ಕಿತು. ನಮ್ಮ ನಿಲ್ದಾಣಗಳು ಮುಚ್ಚಲಿ ಎಂಬುದು ನನ್ನ ಮಾತಲ್ಲ. ಕಲಬುರಗಿಗೂ ಶಿವಮೊಗ್ಗಕ್ಕೂ ಇನ್ನಷ್ಟು ವಿಮಾನ ಬರಲಿ ಎಂದೇ ನಾನು ಬಯಸುವವನು. ಬೇಲಿಯಾಚೆಯ ಜನರ ಮಾತು ವರ್ಷದಿಂದ ವರ್ಷಕ್ಕೆ ದಾಖಲಾಗುತ್ತ ಹೋದರೆ ಅದಕ್ಕೊಂದು ತೂಕ ಬರುತ್ತದೆ ಎಂಬುದನ್ನಷ್ಟೇ ಗಮನಿಸಬೇಕು.

ದೂರ ಯಾಕೆ, ಮಂಗಳೂರನ್ನೇ ನೋಡೋಣ. ಗುಡ್ಡದ ಮೇಲಿನ ಆ ನಿಲ್ದಾಣಕ್ಕೆ ಎರಡನೇ ರನ್‌ವೇ ಬೇಕೆಂಬ ಯೋಜನೆಯನ್ನು 1990ರ ದಶಕದಿಂದಲೇ ಸ್ಥಳೀಯರು ಪ್ರಶ್ನಿಸಿದ್ದರು. ವಿಸ್ತರಣೆಯ ವಿರುದ್ಧ ಸಮಿತಿ ಕಟ್ಟಿಕೊಂಡು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದರು. ಅರ್ಜಿಗಳು ವಜಾ ಆದವು. 2006ರಲ್ಲಿ 2,450 ಮೀಟರಿನ ರನ್‌ವೇ ಬಳಕೆಗೆ ಬಂತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಅದೇ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು; 158 ಜನ ಸತ್ತರು, ಬದುಕಿದವರು ಎಂಟೇ ಮಂದಿ. ಇಳಿಯುವ ಪ್ರಯತ್ನವನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣವೆಂದು ತನಿಖೆ ಹೇಳಿತು. ಆದ್ದರಿಂದ ಊರವರ ಆಕ್ಷೇಪ ಕೇಳಿದ್ದರೆ ದುರಂತ ತಪ್ಪುತ್ತಿತ್ತು ಎಂದು ಹೇಳುವುದು ಪ್ರಾಮಾಣಿಕತೆಯಾಗದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ರನ್‌ವೇಯ ತುದಿಯಲ್ಲಿ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಊರವನೊಬ್ಬ ಎಂಜಿನಿಯರನ್ನು ಮುಖಾಮುಖಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲು ಕೋರ್ಟಿನ ಮೆಟ್ಟಿಲು ಬಿಟ್ಟರೆ ಬೇರೆ ಜಾಗ ಎಲ್ಲಿತ್ತು?

ನಿಲ್ದಾಣದ ವಿಷಯ ವಿಮಾನ ಹತ್ತುವವರಿಗೆ ಮಾತ್ರ ಸೇರಿದ್ದೆಂದು ನಾವು ತಿಳಿದುಕೊಂಡಿದ್ದೇವೆ. ಸುತ್ತಲಿನ ಊರುಗಳಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವವನಿಗೆ ಎತ್ತರದ ಮಿತಿ ಇದೆ. ಜಾಗ ಯಾವ ವಲಯದಲ್ಲಿದೆ ಎಂಬುದರ ಮೇಲೆ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವೂ ಬೇಕಾಗುತ್ತದೆ. 1937ರ ವಿಮಾನ ನಿಯಮಗಳ 91ನೇ ನಿಯಮದ ಪ್ರಕಾರ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಕಸ ಸುರಿಯುವುದಕ್ಕೂ ಪ್ರಾಣಿವಧೆಗೂ ನಿರ್ಬಂಧವಿದೆ. ಹಕ್ಕಿಗಳು ಬಂದು ವಿಮಾನಕ್ಕೆ ಬಡಿಯಬಾರದೆಂದು ಮಾಡಿದ ಸರಿಯಾದ ನಿಯಮವೇ ಅದು. ಆದರೆ ಅದರ ಬಿಸಿ ತಟ್ಟುವುದು ಮಾಂಸದಂಗಡಿಯವನಿಗೆ, ಪಂಚಾಯಿತಿಯ ಕಸದ ಗಾಡಿಗೆ. ಇವರಲ್ಲಿ ಬಹಳ ಮಂದಿ ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದವರು. ಟಿಕೆಟ್ ಕೊಂಡವನು ಊರು ಸೇರಿದ ಮೇಲೆ ನಿಲ್ದಾಣವನ್ನು ಮರೆಯಬಹುದು. ಈ ಊರವರು ದಿನವೂ ಅದರ ನೆರೆಯಲ್ಲೇ ಬಾಳಬೇಕು.

ಸಮಿತಿಯ ಬಾಗಿಲು ತೆರೆಯಲು ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಸೆಕ್ಷನ್ ಎಲ್ಲ ಸಾರ್ವಜನಿಕ ಪ್ರಾಧಿಕಾರಗಳೂ ತಾವಾಗಿಯೇ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಕೊಡುತ್ತದೆ. ಅದರ ಎಂಟನೇ ಅಂಶ ನೇರವಾಗಿ ಈ ವಿಷಯಕ್ಕೇ ಸಂಬಂಧಿಸಿದ್ದು. ಸಲಹೆಗಾಗಿ ರಚಿಸಿದ, ಇಬ್ಬರು ಅಥವಾ ಹೆಚ್ಚು ಜನರಿರುವ ಮಂಡಳಿ, ಸಮಿತಿಗಳ ವಿವರ ಕೊಡಬೇಕು; ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನೂ ಹೇಳಬೇಕು. ಅದೇ ಸೆಕ್ಷನ್ ಮುಂದೆ, ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಇಂಗ್ಲಿಷಿನ ಎರಡು ಹಾಳೆ ಕೈಗಿಟ್ಟು ಕಳಿಸುವುದು ಈ ಮಾತಿಗೆ ವಿರುದ್ಧ.

ಕಾಯ್ದೆಯ ದೌರ್ಬಲ್ಯವೂ ಅಲ್ಲೇ ಇದೆ. ಸಭೆ ತೆರೆದಿದೆಯೋ ಇಲ್ಲವೋ ಹೇಳಿ ಎಂದು ಅದು ಕೇಳುತ್ತದೆ, ತೆರೆಯಿರಿ ಎಂದು ಹೇಳುವುದಿಲ್ಲ. ‘ಇಲ್ಲ’ ಎಂದು ಬರೆದರೆ ಕರ್ತವ್ಯ ಮುಗಿಯಿತು. ನಾನು ತಿರುವಿ ನೋಡಿದ ಹಲವು ಕಚೇರಿಗಳ ಕೈಪಿಡಿಗಳಲ್ಲಿ ಅಷ್ಟೂ ಇಲ್ಲ. ಆ ಅಂಶದ ಮುಂದೆ ‘ಅನ್ವಯಿಸುವುದಿಲ್ಲ’ ಎಂದಿದೆ. ಕರ್ನಾಟಕ ಇಂಥ ಕಡೆ ಕೈಕಟ್ಟಿ ಕೂತ ರಾಜ್ಯವಲ್ಲ. ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲೇ ನಮ್ಮದೇ ಮಾಹಿತಿ ಹಕ್ಕು ಕಾಯ್ದೆ ಇತ್ತು. ಗ್ರಾಮಸಭೆ ನಮಗೆ ಹೊಸದಲ್ಲ. ಕೆಡಿಪಿ ಸಭೆಯಲ್ಲಿ ಪತ್ರಕರ್ತರು ಕೂತಿರುವಾಗಲೇ ಅಧಿಕಾರಿಗಳು ಬೆವರು ಒರೆಸಿಕೊಳ್ಳುತ್ತ ಉತ್ತರ ಕೊಡುವುದನ್ನು ಎಲ್ಲ ಜಿಲ್ಲೆಗಳೂ ನೋಡಿವೆ. ವಿಮಾನಯಾನದಲ್ಲೇ ಉದಾಹರಣೆ ಬೇಕಿದ್ದರೆ, ಬಳಕೆದಾರರ ಶುಲ್ಕ ನಿಗದಿ ಮಾಡುವ ಪ್ರಾಧಿಕಾರವಿದೆ. ಸಂಬಂಧಪಟ್ಟವರ ಜೊತೆ ಸಮಾಲೋಚಿಸಬೇಕು, ಪ್ರತಿಯೊಂದು ತೀರ್ಮಾನಕ್ಕೂ ಕಾರಣ ಬರೆದಿಡಬೇಕು ಎಂದು 2008ರ ಕಾಯ್ದೆಯೇ ಅದಕ್ಕೆ ವಿಧಿಸಿದೆ. ಅದು ಸಮಾಲೋಚನಾ ಪತ್ರ ಹೊರಡಿಸುತ್ತದೆ, ಆಕ್ಷೇಪ ಕೇಳುತ್ತದೆ. ಪ್ರಯಾಣಿಕನ ಶುಲ್ಕಕ್ಕೆ ಇಷ್ಟು ಪಾರದರ್ಶಕತೆ ಇರುವಾಗ ಬೇಲಿಯಾಚೆಯವನ ಹಿತ್ತಿಲಿಗೂ ಸ್ವಲ್ಪ ಇರಬೇಡವೇ?

ಭದ್ರತೆಯ ಮಾತು ಬಂದೇ ಬರುತ್ತದೆ. ವಿಮಾನ ನಿಲ್ದಾಣ ಸೂಕ್ಷ್ಮ ಜಾಗ, ನಿಜ. ಆದರೆ ಭದ್ರತೆಯನ್ನು ಚರ್ಚಿಸಲು ಬೇರೆಯೇ ಸಮಿತಿ ಇದೆ. ಸಿಐಎಸ್‌ಎಫ್ ಎಲ್ಲಿ ಎಷ್ಟು ಜನರನ್ನು ನಿಲ್ಲಿಸುತ್ತದೆ ಎಂಬುದು ಸಲಹಾ ಸಮಿತಿಗೆ ಬರಬೇಕಾದ ವಿಷಯವೇ ಅಲ್ಲ. ಅಪರೂಪಕ್ಕೆ ಬಂದರೆ ಅದೊಂದು ವಿಷಯಕ್ಕೆ ಬಾಗಿಲು ಹಾಕಿ, ಹಾಕಿದ ಕಾರಣ ಬರೆಯಲಿ. ಟರ್ಮಿನಲ್ ಒಳಗೆ ಪಾಸ್ ಇಲ್ಲದೆ ಹೋಗುವಂತಿಲ್ಲ ಎಂಬುದು ಇನ್ನೊಂದು ಅಡ್ಡಿ. ಅದಕ್ಕೆ ಪರಿಹಾರ ಸುಲಭ: ಸಭೆಯನ್ನು ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದಲ್ಲೋ ಜಿಲ್ಲಾ ಪಂಚಾಯಿತಿಯಲ್ಲೋ ನಡೆಸುವುದು. ಅಲ್ಲಿ ಮೈಕು, ಕುರ್ಚಿ, ಫ್ಯಾನು ಎಲ್ಲವೂ ಇವೆ.

ಜನ ಬಂದರೆ ಗಲಾಟೆ ಆಗುತ್ತದೆ, ಅಧಿಕಾರಿಗಳು ಬಾಯಿ ಬಿಡುವುದಿಲ್ಲ, ಸಂಸದರು ಗ್ಯಾಲರಿಗೆ ಭಾಷಣ ಮಾಡುತ್ತಾರೆ ಎಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ಎರಡು ಸಭೆ ಹಾಗೇ ಆಗಬಹುದು. ತಲಾ ಮೂರು ನಿಮಿಷ, ಕಾರ್ಯಸೂಚಿಯ ವಿಷಯಕ್ಕಷ್ಟೇ ಮಾತು ಎಂಬ ಕಟ್ಟುಪಾಡು ಇದ್ದರೆ ಗಲಾಟೆ ತಾನಾಗಿ ಇಳಿಯುತ್ತದೆ. ತನ್ನ ಸರದಿ ಖಂಡಿತ ಬರುತ್ತದೆಂದು ಗೊತ್ತಿರುವವನು ಕೂಗುವುದಿಲ್ಲ. ಕಾರ್ಯಸೂಚಿಯನ್ನು ವಾರ ಮೊದಲು ನಿಲ್ದಾಣದ ಸುತ್ತಲಿನ ಗ್ರಾಮ ಪಂಚಾಯಿತಿಗಳ ಫಲಕಕ್ಕೆ ಕನ್ನಡದಲ್ಲಿ ಅಂಟಿಸಬೇಕು. ನಡಾವಳಿಯಲ್ಲಿ ‘ಸಂಬಂಧಪಟ್ಟವರು’ ಎಂಬ ಪದದ ಬದಲು ಹುದ್ದೆಯ ಹೆಸರೂ ದಿನಾಂಕವೂ ಇರಬೇಕು. ಮುಂದಿನ ಸಭೆ ಹಿಂದಿನದರ ಅನುಪಾಲನಾ ವರದಿಯಿಂದ ಶುರುವಾಗಬೇಕು. ಶಿವಮೊಗ್ಗದ ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತಿದೆ. ಅಲ್ಲಿ ಇದನ್ನು ಆರಂಭಿಸಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ವಿಜಯಪುರ, ರಾಯಚೂರು, ಹಾಸನದ ನಿಲ್ದಾಣಗಳಿಗೆ ಮೊದಲ ವಿಮಾನ ಇಳಿಯುವ ಮುನ್ನವೇ ಈ ನಿಯಮ ಬರೆದಿಟ್ಟರೆ, ಆಮೇಲೆ ಬದಲಾಯಿಸಬೇಕಾದ ರೂಢಿಯೇ ಇರುವುದಿಲ್ಲ.

ನನ್ನ ಪರಿಚಯದವರ ಹಿತ್ತಿಲಿಗೆ ನೀರು ನುಗ್ಗಿಸಿದ ಆ ಪೈಪು ಇನ್ನೂ ಎರಡಡಿಯದ್ದೇ. ಈ ವಾರ ಮತ್ತೊಂದು ಅರ್ಜಿ ಬರೆದು, ಮತ್ತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದ್ದೇನೆ. ಈ ಸಲ ಕೇಳಿರುವುದು ಸಮಿತಿಯ ಮುಂದಿನ ಸಭೆ ಯಾವತ್ತು, ಎಲ್ಲಿ, ಅದು ಸಾರ್ವಜನಿಕರಿಗೆ ತೆರೆದಿದೆಯೇ ಎಂಬುದನ್ನು. ಅರ್ಜಿಯ ಕೆಳಗೆ ನನ್ನ ಸಹಿಯ ಪಕ್ಕದಲ್ಲೇ ಅವರೂ ತಮ್ಮ ಸಹಿ ಹಾಕಿದ್ದಾರೆ.