ಕಾರಿನ ನೀರು ಹೋದದ್ದೆಲ್ಲಿಗೆ?

ಮನೆಗೆ ಸೆಕೆಂಡ್‌ಹ್ಯಾಂಡ್ ಕಾರು ಬಂದಿದೆ ಎನ್ನೋಣ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಒಂದೆರಡು ನಿಮಿಷ ಕುಂಟುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಮಿಸ್ಸಿಂಗ್'. ಬಿಸಿಯಾದ ಮೇಲೆ ಸರಿಹೋಗುತ್ತದೆ. ಇತ್ತ ವಾರಕ್ಕೊಮ್ಮೆ ಕೂಲೆಂಟ್ ಕಡಿಮೆಯಾಗುತ್ತದೆ. ಆದರೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ.

ಇವು ಎರಡು ಕಾಯಿಲೆಗಳಂತೆ ಕಂಡರೂ ಮೂಲ ಒಂದೇ ಇರಬಹುದು. ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದನ್ನು ಮುಚ್ಚುವ ಹೆಡ್, ಇವುಗಳ ನಡುವೆ ತೆಳುವಾದ ಹಾಳೆಯೊಂದಿದೆ. ಅದೇ ಹೆಡ್ ಗ್ಯಾಸ್ಕೆಟ್. ಒಳಗೆ ಉರಿಯುವ ಪೆಟ್ರೋಲ್, ಪಕ್ಕದಲ್ಲೇ ಹರಿಯುವ ಕೂಲೆಂಟ್. ಎರಡೂ ಬೆರೆಯದಂತೆ ತಡೆಯುವುದು ಅದರ ಕೆಲಸ. ಎಂಜಿನ್ ಅತಿಯಾಗಿ ಕಾದರೆ ಅದು ಹಾಳಾಗುತ್ತದೆ. ಆಗ ರಾತ್ರಿ ನಿಂತ ಕಾರಿನಲ್ಲಿ ಕೂಲೆಂಟ್ ಹನಿಹನಿಯಾಗಿ ಸಿಲಿಂಡರ್‌ಗೆ ಇಳಿದು ಪ್ಲಗ್ ಒದ್ದೆಯಾಗುತ್ತದೆ, ಕಿಡಿ ಸರಿಯಾಗಿ ಹಾರುವುದಿಲ್ಲ. ಮಾರುತಿ 800ರಲ್ಲಿ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ ಇಡೀ ಕಾರು ನಡುಗುತ್ತದೆ. ಒಳಗೆ ಸೇರಿದ ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ.

ಹಾಗೆಂದು ಚಳಿಗಾಲದ ಬೆಳಿಗ್ಗೆ ಬಿಳಿ ಆವಿ ಕಂಡ ಕೂಡಲೇ ಗಾಬರಿ ಬೇಡ. ಪೆಟ್ರೋಲ್ ಉರಿದಾಗಲೂ ನೀರಾವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ಅನುಮಾನ ಪಡಬೇಕು.

ಮೊದಲು ಸುಲಭದ ಕಾರಣಗಳನ್ನು ನೋಡಬೇಕು. ಹೋಸ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳ ಸೋರುತ್ತಿವೆಯೇ? ಕಾರಿನೊಳಗಿನ ಮ್ಯಾಟ್ ಒದ್ದೆಯಾಗಿದೆಯೇ? ಹಾಗಿದ್ದರೆ ಹೀಟರ್ ಸೋರುತ್ತಿರಬಹುದು. ಮಿಸ್ಸಿಂಗ್ ಇರುವ ಸಿಲಿಂಡರಿನ ಪ್ಲಗ್ಗನ್ನು ಇನ್ನೊಂದಕ್ಕೆ ಅದಲುಬದಲು ಮಾಡಿಸಿ. ತೊಂದರೆಯೂ ಜೊತೆಗೇ ಹೋದರೆ ದೋಷ ಪ್ಲಗ್ಗಿನದು. ಅಲ್ಲೇ ಉಳಿದರೆ ಬೇರೆ ಕಾರಣ ಹುಡುಕಬೇಕು.

ಈಗ ವಿದ್ಯಾರ್ಥಿಗಳಿಗೆ ಗೊತ್ತಿರುವ ರಸಾಯನಶಾಸ್ತ್ರಕ್ಕೆ ಬರೋಣ. ಗ್ಯಾಸ್ಕೆಟ್ ಒಡೆದಿದ್ದರೆ ಉರಿದ ಅನಿಲ ಕೂಲೆಂಟಿಗೂ ನುಗ್ಗುತ್ತದೆ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ಅಲ್ಲಿ ನೀಲಿ ದ್ರಾವಣದ ನಳಿಕೆ ಕೂರಿಸಿ, ಸ್ಟಾರ್ಟ್ ಮಾಡಿ ಕೂಲೆಂಟಿನ ಮೇಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯುತ್ತಾರೆ. ದ್ರಾವಣದಲ್ಲಿರುವುದು ನಿಮ್ಮ ಪ್ರಯೋಗಶಾಲೆಯ ಬ್ರೋಮೊಥೈಮಾಲ್ ಬ್ಲೂ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಆಮ್ಲವಾದಾಗ ಅದು ಹಳದಿಗೆ ತಿರುಗುತ್ತದೆ. ಬಣ್ಣ ಬದಲಾಗದಿದ್ದರೆ ಅಷ್ಟಕ್ಕೇ ನಿಶ್ಚಿಂತೆ ಬೇಡ. ಸಣ್ಣ ಸೋರಿಕೆ ತಪ್ಪಿಸಿಕೊಳ್ಳಬಹುದು. ಕೂಲೆಂಟ್ ವ್ಯವಸ್ಥೆಗೆ ಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಅದು ಇಳಿಯುತ್ತದೆಯೇ ಎಂದು ನೋಡಬೇಕು.

ಎರಡು ಎಚ್ಚರಿಕೆಗಳು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಎಂದೂ ತೆರೆಯಬೇಡಿ. ಪ್ರೆಷರ್ ಕುಕ್ಕರಿನಂತೆ ಅಲ್ಲಿಯೂ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಎರಡನೆಯದಾಗಿ, ಕೂಲೆಂಟಿನಲ್ಲಿ ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳು, ನಾಯಿಗಳ ಕೈಗೆ ಸಿಗದಂತೆ ಇಡಿ.

ನೀರು ತುಂಬಿಸುತ್ತಾ ದಿನ ದೂಡಿದರೆ ಒಂದು ದಿನ ದಾರಿಯಲ್ಲಿ ಎಂಜಿನ್ ಕಾದು ಹೆಡ್ ಸೊಟ್ಟಗಾಗುತ್ತದೆ. ಆಗ ಖರ್ಚು ಗ್ಯಾಸ್ಕೆಟ್ಟಿಗೇ ನಿಲ್ಲುವುದಿಲ್ಲ. ಹಾಗೆಯೇ ಯಾರಾದರೂ 'ಎಂಜಿನ್ ಇಳಿಸಲೇಬೇಕು' ಎಂದಾಗ ಪೋಷಕರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: 'ಪರೀಕ್ಷೆ ಮಾಡಿ ನೋಡಿದಿರಾ?' ಹಳೆಯ ಕಾರು ಕೊಳ್ಳುವ ಮುನ್ನ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿಮಾಡಿಟ್ಟ ಎಂಜಿನ್ ತನ್ನ ಬೆಳಗಿನ ಕುಂಟುವಿಕೆಯನ್ನು ಮುಚ್ಚಿಡುತ್ತದೆ.