ವೇಗವುಂಟು, ವಿಳಂಬವೂ ಉಂಟು

ಅಂತರಜಾಲಕ್ಕೆ ನೂರು ಮೆಗಾಬಿಟ್ಟಿನ ಯೋಜನೆ ಸಾಲದೆಂದು ಮುನ್ನೂರರದಕ್ಕೆ ಹಣ ತೆತ್ತ ಗೃಹಸ್ಥರು ನಗರಗಳಲ್ಲಿ ಅನೇಕರಿದ್ದಾರೆ. ತಿಂಗಳ ಬಿಲ್ಲು ಏರಿತೇ ಹೊರತು ಕಾಲೇಜಿಗೆ ಹೋಗುವ ಮಗನ ಗೊಣಗಾಟ ಇಳಿಯಲಿಲ್ಲ. ದೂರದ ಊರಿನ ಯಂತ್ರದಲ್ಲಿ ನಡೆಯುವ ಆಟವನ್ನು ಅವನು ಮನೆಯ ತೆರೆಯ ಮೇಲೆ ಆಡುತ್ತಾನೆ. ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಬಂಡಿ ತಿರುಗುತ್ತದೆ. ತಿರುಗುವಷ್ಟರಲ್ಲಿ ಅದು ಗೋಡೆಗೆ ಬಡಿದಿರುತ್ತದೆ. ಅದೇ ಹೊತ್ತಿಗೆ ಹಜಾರದಲ್ಲಿ ತಾಯಿ ನೋಡುತ್ತಿರುವ ಚಲನಚಿತ್ರಕ್ಕೆ ಯಾವ ಕುಂದೂ ಇಲ್ಲ. "ಸಿನಿಮಾ ಸರಿಯಾಗಿಯೇ ಬರುತ್ತಿದೆಯಲ್ಲೋ, ನಿನ್ನ ಆಟಕ್ಕೆ ಮಾತ್ರ ಏನಾಯಿತು?" ಎಂದು ತಂದೆ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ, ಉತ್ತರವಿರುವುದು ಮಾತ್ರ ಅವರು ಎಣಿಸಿದ ಕಡೆಯಲ್ಲಲ್ಲ.

ಚಲನಚಿತ್ರವೆಂಬುದು ಮೊದಲೇ ಸಿದ್ಧವಾಗಿರುವ ಅಡುಗೆ. ಮುಂದಿನ ಅರ್ಧ ನಿಮಿಷದ ಚಿತ್ರಗಳನ್ನು ಮುಂಗಡವಾಗಿ ತರಿಸಿ ಇಟ್ಟುಕೊಂಡರೆ, ನಡುವೆ ದಾರಿ ಎರಡು ಸೆಕೆಂಡು ಕಟ್ಟಿಹೋದರೂ ನೋಡುವವರಿಗೆ ತಿಳಿಯದು. ಆಟದಲ್ಲಿ ಈ ಉಪಾಯ ನಡೆಯುವಂತಿಲ್ಲ. ಆಡುವವನು ಬಲಕ್ಕೆ ತಿರುಗುವನೋ ಎಡಕ್ಕೋ ಎಂಬುದು ತಿಳಿಯುವ ತನಕ ಮುಂದಿನ ಚಿತ್ರವೇ ಹುಟ್ಟಿರುವುದಿಲ್ಲ, ಹುಟ್ಟದುದನ್ನು ಕೂಡಿಡುವುದೆಂತು? ಗುಂಡಿಯ ಸಂಜ್ಞೆ ದೂರದ ಯಂತ್ರಕ್ಕೆ ಹೋಗಬೇಕು, ಅಲ್ಲಿ ಚಿತ್ರ ರಚನೆಯಾಗಬೇಕು, ಅದನ್ನು ಕುಗ್ಗಿಸಿ ಕಳುಹಿಸಬೇಕು, ಇಲ್ಲಿ ಬಿಡಿಸಿ ತೆರೆಗೆ ಹಾಕಬೇಕು. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು.

ಈ ವ್ಯವಹಾರಕ್ಕೆ ಕೈಹಾಕಿ ಸೋತವರು ಸಾಮಾನ್ಯರಲ್ಲ. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ಆನ್‌ಲೈವ್ 2015ರಲ್ಲಿ ಬಾಗಿಲು ಮುಚ್ಚಿತು. ಗೂಗಲ್ ಸಂಸ್ಥೆಯ ಸ್ಟೇಡಿಯಾ 2019ರ ನವೆಂಬರಿನಲ್ಲಿ ಹುಟ್ಟಿ, ಭಾರತಕ್ಕೆ ಬಾರದೆಯೇ, 2023ರ ಜನವರಿ 18ರಂದು ನಿಂತುಹೋಯಿತು. ಕೊಂಡ ಆಟಗಳ ಹಣವನ್ನು ಹಿಂದಿರುಗಿಸಿದುದು ಅದರ ದೊಡ್ಡತನ. ಅದು ಕೇಳುತ್ತಿದ್ದ ವೇಗವಾದರೂ ಎಷ್ಟು? ಕನಿಷ್ಠ 10 ಮೆಗಾಬಿಟ್, ಅತಿ ಸ್ಫುಟವಾದ ಚಿತ್ರಕ್ಕೆ 35. ಎನ್ವಿಡಿಯಾದವರ ಜಿಫೋರ್ಸ್ ನೌ ಸಾಧಾರಣ ಚಿತ್ರಕ್ಕೆ 15, ಉತ್ತಮವಾದುದಕ್ಕೆ 25 ಎಂದು ಕೇಳುತ್ತದೆ. ಮುನ್ನೂರರ ಯೋಜನೆ ಇರುವ ಮನೆಗೆ ಇದು ಲೆಕ್ಕವೇ ಅಲ್ಲ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಷರತ್ತುಂಟು: ಸಂಜ್ಞೆ ಹೋಗಿ ಬರುವ ಕಾಲ 80 ಮಿಲಿಸೆಕೆಂಡಿಗಿಂತ ಕಡಿಮೆಯಿರಬೇಕು, 40ರ ಒಳಗಿದ್ದರೆ ಲೇಸು. ಮೊದಲ ಅಂಕಿಯನ್ನು ಓದಿ ಹಣ ಕಟ್ಟುವವರು ಎರಡನೆಯದನ್ನು ಓದುವುದೇ ಇಲ್ಲ. ಮಾರುವವರೂ ಅದನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದಿಲ್ಲವೆನ್ನಿ.

ದೂರವೇ ದೋಷವೆನ್ನೋಣವೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಸಾವಿರ ಕಿಲೋಮೀಟರು ಹೋಗಿ ಬರಲು 10 ಮಿಲಿಸೆಕೆಂಡು ಸಾಕು. ಯಂತ್ರ ಮುಂಬಯಿಯಲ್ಲಿದ್ದರೆ ಬೆಂಗಳೂರಿನವನಿಗೆ ದೂರದಿಂದಾಗುವ ನಷ್ಟ ಇಷ್ಟೇ. ಉಳಿದ ತಡ ಎಷ್ಟೋ ಮನೆಗಳಲ್ಲಿ ಹೊಸ್ತಿಲಿನ ಒಳಗೇ ಆಗುತ್ತದೆ.

ಮೊದಲ ಸಂಶಯ ವೈಫೈ ಪೆಟ್ಟಿಗೆಯ ಮೇಲೆ. ತಂತಿ ತಂದವನು ಅದನ್ನು ಬಾಗಿಲ ಬಳಿ ಮೊಳೆ ಹೊಡೆದು ನೇತುಹಾಕಿ ಹೋಗಿರುತ್ತಾನೆ. ಅದು ಚೆನ್ನಾಗಿ ಕಾಣಿಸುವುದಿಲ್ಲವೆಂದು ಮನೆಯವರು ಷೋಕೇಸಿನ ಹಿಂದಕ್ಕೋ ಉಕ್ಕಿನ ಬೀರುವಿನ ಮೇಲಕ್ಕೋ ಸಾಗಿಸಿರುತ್ತಾರೆ. ಲೋಹವು ಅಲೆಗಳಿಗೆ ಗೋಡೆಗಿಂತ ದೊಡ್ಡ ಅಡ್ಡಿ. ಅಲ್ಲದೆ ವೈಫೈ ಎಂಬುದು ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕಾದ ಸಭೆ. ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಮೂರೇ. ಬಹುಮಹಡಿ ಕಟ್ಟಡದಲ್ಲಿ ಇಪ್ಪತ್ತು ಮನೆಯವರು ಆ ಮೂರರಲ್ಲೇ ನುಗ್ಗಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ದಾರಿಗಳು ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಅಂಗಡಿಯವನು ಮಾರುವ ಅಗ್ಗದ 'ಬೂಸ್ಟರ್' ಕೇಳಿದ ಮಾತನ್ನೇ ಅದೇ ದಾರಿಯಲ್ಲಿ ಎರಡನೆಯ ಸಲ ಹೇಳುವ ಯಂತ್ರ. ಸಭೆಯ ಕಾಲ ಅದರಿಂದ ಇಮ್ಮಡಿ ವ್ಯಯವಾಗುತ್ತದೆ. ಪೆಟ್ಟಿಗೆಯಿಂದ ಆಟದ ತೆರೆಯವರೆಗೆ ಒಂದು ಈಥರ್ನೆಟ್ ತಂತಿ ಎಳೆದರೆ ಈ ರಗಳೆಯೆಲ್ಲ ತಪ್ಪುತ್ತದೆ. ಗೋಡೆಯ ಅಂದ ಸ್ವಲ್ಪ ಕೆಡುವುದೆಂಬುದು ನಿಜ.

ತಂತಿ ಎಳೆದ ಮೇಲೂ ಸಂಜೆಯ ಹೊತ್ತು ಆಟ ತೊದಲುವುದುಂಟು. ಇದರ ಮರ್ಮ ಬಯಲಾದ ಕಥೆ ಸ್ವಾರಸ್ಯವಾದುದು. ಜಿಮ್ ಗೆಟಿಸ್ ಎಂಬುವರು ಅಂತರಜಾಲದ ನಿಯಮಗಳನ್ನು ಬರೆದ ತಜ್ಞರಲ್ಲಿ ಒಬ್ಬರು. 2010ರಲ್ಲಿ ಅವರು ಅಮೆರಿಕದ ತಮ್ಮ ಮನೆಯಿಂದ ದೊಡ್ಡ ಕಡತವೊಂದನ್ನು ಕಳುಹಿಸುತ್ತಿದ್ದಾಗ, ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕಾದ ಹೋಗಿಬರುವಿಕೆ ಒಂದು ಸೆಕೆಂಡನ್ನೂ ಮೀರಿದುದು ಕಂಡುಬಂತು. ಅವರ ಮಕ್ಕಳು ಜಾಲ ನಿಧಾನವೆಂದು ದೂರುತ್ತಲೇ ಇದ್ದರಂತೆ! ಹುಡುಕಿ ನೋಡಿದರೆ ದೋಷ ಪೆಟ್ಟಿಗೆಗಳ ಒಳಗಿನ ಕಾಯುವ ಕೋಣೆಯಲ್ಲಿತ್ತು.

ರೈಲ್ವೆ ಟಿಕೆಟ್ಟಿನ ಕಿಂಡಿಯನ್ನು ನೆನೆಯಿರಿ. ಕಿಂಡಿ ಒಂದೇ, ಆದರೆ ಯಾರನ್ನೂ ಹಿಂದೆ ಕಳುಹಿಸಬಾರದೆಂದು ಮುಂದಿನ ಹಜಾರವನ್ನು ವಿಶಾಲವಾಗಿ ಕಟ್ಟಿದ್ದಾರೆ. ಮದುವೆಯ ದಿಬ್ಬಣವೊಂದು ಬಂದು ಸಾಲನ್ನೆಲ್ಲ ತುಂಬುತ್ತದೆ. ಒಂದೇ ಮಾತು ಕೇಳಬೇಕಾದವನೂ ಅದರ ಹಿಂದೆ ನಿಲ್ಲಬೇಕು. ಮೊಬೈಲು ತಾನಾಗಿ ಮೇಲಕ್ಕೆ ಸಾಗಿಸುವ ನೂರಾರು ಛಾಯಾಚಿತ್ರಗಳೇ ಆ ದಿಬ್ಬಣ. ಹುಡುಗ ಒತ್ತಿದ ಗುಂಡಿಯ ಸಂಜ್ಞೆಯೇ ಆ ಒಂಟಿ ಪ್ರಯಾಣಿಕ. ಮೇಲಕ್ಕೆ ಕಳುಹಿಸುವ ವೇಗ 10 ಮೆಗಾಬಿಟ್ ಇದ್ದು, ಸಾಲಿನಲ್ಲಿ ಒಂದು ಮೆಗಾಬೈಟ್ ನಿಂತಿದ್ದರೆ, ಕಾಯುವ ಕಾಲ ಮುಕ್ಕಾಲು ಸೆಕೆಂಡಿಗೂ ಮಿಕ್ಕುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಳುಹಿಸುವ ಯಂತ್ರಗಳು ಕೆಲವು ಪೊಟ್ಟಣಗಳು ಕಳೆದುಹೋದಾಗಲೇ ದಾರಿ ಕಿಕ್ಕಿರಿದಿದೆಯೆಂದು ತಿಳಿದು ವೇಗ ತಗ್ಗಿಸುತ್ತವೆ. 1986ರಲ್ಲಿ ಬರ್ಕ್ಲಿಯ ಜಾಲ ದಟ್ಟಣೆಯಿಂದ ಕುಸಿದುಬಿದ್ದ ಮೇಲೆ ವ್ಯಾನ್ ಜೇಕಬ್‌ಸನ್ ರೂಪಿಸಿದ ಕ್ರಮವಿದು. ಕೋಣೆ ಅತಿ ದೊಡ್ಡದಾದರೆ ಪೊಟ್ಟಣ ಕಳೆಯುವುದೇ ಇಲ್ಲ. ಆದುದರಿಂದ ಯಾರೂ ವೇಗ ತಗ್ಗಿಸುವುದೂ ಇಲ್ಲ. ಸ್ಮೃತಿಯ ಬೆಲೆ ಇಳಿಯಿತೆಂದು ಧಾರಾಳವಾಗಿ ತುಂಬಿದ ತಯಾರಕರ ಔದಾರ್ಯವೇ ಮುಳುವಾಯಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಅವರೂ ಅದೇ ಜೇಕಬ್‌ಸನ್ ಅವರೂ ಪರಿಹಾರವನ್ನು ಪ್ರಕಟಿಸಿದರು: ಸಾಲು ಎಷ್ಟು ಉದ್ದವೆಂದು ನೋಡದೆ, ಪ್ರತಿ ಪೊಟ್ಟಣ ಎಷ್ಟು ಹೊತ್ತು ಕಾಯಿತೆಂಬುದನ್ನು ಅಳೆದು, ಮಿತಿ ಮೀರಿದರೆ ಒಂದೆರಡನ್ನು ಬೇಕೆಂದೇ ಚೆಲ್ಲುವುದು. ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಮಾಡುವ ಏರ್ಪಾಡು ಇದರೊಡನೆ ಸೇರಿ 2018ರಲ್ಲಿ ಅಂತರಜಾಲದ ದಾಖಲೆಗಳಲ್ಲಿ ಪ್ರಕಟವಾಯಿತು.

ಮನೆಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ಎಲ್ಲರೂ ಸುಮ್ಮನಿರುವಾಗ 'ಪಿಂಗ್' ಕಾಲವನ್ನು ಗುರುತು ಹಾಕಿಕೊಂಡು, ದೊಡ್ಡ ವೀಡಿಯೋ ಒಂದನ್ನು ಮೇಲಕ್ಕೆ ಕಳುಹಿಸುತ್ತ ಮತ್ತೊಮ್ಮೆ ನೋಡಬೇಕು. ಇಪ್ಪತ್ತಿದ್ದುದು ಮುನ್ನೂರಕ್ಕೆ ಜಿಗಿದರೆ ರೋಗ ಇದೇ. ಆಗ ಕೊಳ್ಳಬೇಕಾದುದು ಹೆಚ್ಚಿನ ವೇಗದ ಯೋಜನೆಯನ್ನಲ್ಲ, ಈ ಸಾಲಿನ ವ್ಯವಸ್ಥೆಯುಳ್ಳ ರೂಟರನ್ನು. ಅದರಲ್ಲಿ ವೇಗದ ಮಿತಿಯನ್ನು ತಂತಿಯ ನಿಜವೇಗಕ್ಕಿಂತ ತುಸು ಕಡಿಮೆ ಇಟ್ಟರೆ, ಸಾಲು ರೂಟರಿನ ಹತೋಟಿಯಲ್ಲೇ ಉಳಿಯುತ್ತದೆ. ತೆತ್ತ ಹಣದ ಹತ್ತರಲ್ಲೊಂದು ಪಾಲು ವೇಗವನ್ನು ಕೈಯಾರೆ ಬಿಟ್ಟುಕೊಡಲು ಯಜಮಾನರ ಮನಸ್ಸು ಒಪ್ಪುವುದು ಕಷ್ಟವೇ. ವಿದೇಶದಲ್ಲಿರುವ ಮಗಳು ವೀಡಿಯೋ ಕರೆಯಲ್ಲಿ ಮಾತಿನ ನಡುವೆ ತಡವರಿಸದೆ ಮೊಮ್ಮಗುವನ್ನು ತೋರಿಸಿದಾಗ ಒಪ್ಪಬಹುದು. ಆ ಕರೆಗೂ ಅಡ್ಡ ಬರುವುದು ಎಷ್ಟೋ ಸಲ ಇದೇ ಸಾಲು.

ಇಷ್ಟೆಲ್ಲ ಆದ ಮೇಲೂ ಸ್ವಲ್ಪ ತಡ ಉಳಿದರೆ ಟೆಲಿವಿಷನ್ನಿನ ಕಡೆಗೆ ನೋಡಬೇಕು. ಚಿತ್ರವನ್ನು ನಯಗೊಳಿಸುವ ಸಂಸ್ಕಾರಗಳಿಗೆ ಅದೂ ಕಾಲ ತೆಗೆದುಕೊಳ್ಳುತ್ತದೆ. ಅವನ್ನು ಬಿಟ್ಟುಬಿಡುವ 'ಗೇಮ್ ಮೋಡ್' ಎಂಬ ಏರ್ಪಾಡು ಈಚಿನ ಅನೇಕ ಪೆಟ್ಟಿಗೆಗಳಲ್ಲಿದೆ. ಅದಕ್ಕೆ ಕಾಸು ಕೊಡಬೇಕಾದುದಿಲ್ಲ, ರಿಮೋಟಿನಲ್ಲಿ ಹುಡುಕಬೇಕಷ್ಟೆ.