ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಇಲ್ಲವಂತೆ!

"ಕನ್ನಡದಲ್ಲಿ ಎಲ್ಲಾ ಇದೆ ಸಾರ್, ಸೈನ್ಸ್ ಫಿಕ್ಷನ್ ಮಾತ್ರ ಇಲ್ಲ." ನಮ್ಮ ಮೆಹದಿಪಟ್ಟಣಂನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಹೇಳುವವರ ಮನೆಯಲ್ಲೇ ತೇಜಸ್ವಿಯವರ 'ಕರ್ವಾಲೊ' ಇರುತ್ತದೆ!

ಅಲ್ಲ ಸ್ವಾಮಿ, 1980ರ ಆ ಕಾದಂಬರಿ ಮತ್ತೇನು? ಕೋಟ್ಯಂತರ ವರ್ಷ ಹಿಂದಿನ ಜೀವವೊಂದು ಮಲೆನಾಡಿನ ಕಾಡಲ್ಲಿ ಇನ್ನೂ ಉಳಿದಿದ್ದರೆ ಎಂಬ ಊಹೆ. ಅದನ್ನು ಹುಡುಕುವ ವಿಜ್ಞಾನಿ, ಜೊತೆಗೆ ಜೇನಿನ ಹುಚ್ಚಿನ ಮಂದಣ್ಣ. ಕಾನನ್ ಡಾಯ್ಲ್ 1912ರಲ್ಲಿ 'ದಿ ಲಾಸ್ಟ್ ವರ್ಲ್ಡ್' ಬರೆದು ಡೈನೋಸಾರ್ ತೋರಿಸಿದರೆ ಸೈನ್ಸ್ ಫಿಕ್ಷನ್, ತೇಜಸ್ವಿ ಹಾರುವ ಓತಿ ತೋರಿಸಿದರೆ ಅಲ್ಲ!

1987ರಲ್ಲಿ 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡ ಸಾಹಿತಿ ವಿಜ್ಞಾನದ ಕತೆ ಬರೆಯುವುದುಂಟೆ ಎಂಬುದು ನಮ್ಮವರ ಮಡಿ. ಇತ್ತ ವೈಜ್ಞಾನಿಕ ಕತೆಯನ್ನೇ ನೆಚ್ಚಿ ಬರೆದ ರಾಜಶೇಖರ ಭೂಸನೂರಮಠರ ಕತೆಯನ್ನು ನ್ಯಾಷನಲ್ ಬುಕ್ ಟ್ರಸ್ಟ್ 1993ರ ತನ್ನ ಇಂಗ್ಲಿಷ್ ಸಂಕಲನಕ್ಕೆ ಸೇರಿಸಿತು. ನಮ್ಮಲ್ಲಿ ಎಷ್ಟು ಜನರ ಕಪಾಟಿನಲ್ಲಿ ಅವರಿದ್ದಾರೆ? ಒಬ್ಬರಿಗೆ ಹಾರ ಹಾಕಿ ಅವರ ವಿಜ್ಞಾನ ಮರೆತೆವು, ಇನ್ನೊಬ್ಬರನ್ನು ವಿಜ್ಞಾನದವರೆಂದು ಬದಿಗಿಟ್ಟೆವು.

ನಷ್ಟ ಯಾರಿಗೆ? ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ. ಬೀದಿಯಲ್ಲಿ ದಖನಿ, ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡವೆಂದರೆ ಅಜ್ಜಿಯ ಜೊತೆ ಫೋನಿನಲ್ಲಿ ಆಡುವ ಭಾಷೆ, ನಾಳೆಯ ಬಗ್ಗೆ ಯೋಚಿಸಲು ಇಂಗ್ಲಿಷ್ ಬೇಕು ಅಂತ ಅವರು ತಿಳಿದಿದ್ದಾರೆ. ನಾವೂ ಹೌದೆಂದರೆ ಮುಗಿಯಿತು.

ಮುಂದಿನ ರಾಜ್ಯೋತ್ಸವಕ್ಕೆ ಶಾಲು, ಹಾರ ಕಡಿಮೆ ಮಾಡಿ. ಮಕ್ಕಳಿಗೆ 'ಕರ್ವಾಲೊ' ಕೊಡಿ. ಕನ್ನಡ ಓದಲು ಬಾರದವರಿಗೆ ನೀವೇ ಓದಿ ಹೇಳಿ. ಆಮೇಲೆ ಇದೆಯೋ ಇಲ್ಲವೋ ಅವರೇ ಹೇಳಲಿ. ಏನಂತೀರಿ?